ಹೊಸ ಬಡಾವಣೆಗಳಲ್ಲಿ ಅಪೂರ್ಣ ರಸ್ತೆ ಮತ್ತು ಒಳಚರಂಡಿ

ಹೊಸ ಬಡಾವಣೆಗಳಲ್ಲಿ ಅಪೂರ್ಣ ರಸ್ತೆ ಮತ್ತು ಒಳಚರಂಡಿ ಎಂಬುದು ನಿವೇಶನಗಳು ಮಾರಾಟವಾಗಿ, ಮನೆಗಳು ನಿರ್ಮಾಣಗೊಂಡು, ಜನವಸತಿ ಆರಂಭವಾದ ಬಳಿಕವೂ ಅನುಮೋದಿತ ನಕ್ಷೆಯಲ್ಲಿ ತೋರಿಸಿದ ರಸ್ತೆ, ಮಳೆನೀರು ಚರಂಡಿ, ಒಳಚರಂಡಿ ಮುಂತಾದ ಮೂಲಸೌಕರ್ಯಗಳು ಪೂರ್ಣಗೊಳ್ಳದೆ ಉಳಿಯುವ ಸ್ಥಿತಿಯಾಗಿದೆ. ಭಾರತದಲ್ಲಿ ಇದು ಮಹಾನಗರಗಳ ಹೊರವಲಯಕ್ಕೆ ಸೀಮಿತವಾಗಿಲ್ಲ. ತಾಲ್ಲೂಕು ಕೇಂದ್ರಗಳಾದ ಸಣ್ಣ ಪಟ್ಟಣಗಳಲ್ಲಿಯೂ ಇದು ಕಂಡುಬರುತ್ತದೆ. ಈ ಲೇಖನವು ಕರ್ನಾಟಕದ ಕಾನೂನು ಹಾಗೂ ಆಡಳಿತ ವ್ಯವಸ್ಥೆಯ ಚೌಕಟ್ಟಿನಲ್ಲಿ, ವಿಶೇಷವಾಗಿ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರಿನಂತಹ ಪಟ್ಟಣಗಳನ್ನು ಗಮನದಲ್ಲಿಟ್ಟುಕೊಂಡು, ಸಮಸ್ಯೆಯ ಸ್ವರೂಪ, ಕಾರಣ, ಪರಿಣಾಮ ಮತ್ತು ಪರಿಹಾರ ಮಾರ್ಗಗಳನ್ನು ವಿವರಿಸುತ್ತದೆ.

ಪದಬಳಕೆ

ಕೃಷಿ ಜಮೀನನ್ನು ನಿವೇಶನಗಳಾಗಿ ವಿಭಾಗಿಸಿ ರಸ್ತೆ, ಉದ್ಯಾನ ಹಾಗೂ ಇತರ ಸೌಲಭ್ಯಗಳಿಗೆ ಜಾಗ ಬಿಟ್ಟು ರೂಪಿಸಿದ ವಸತಿ ಪ್ರದೇಶವನ್ನು ಬಡಾವಣೆ ಅಥವಾ ಲೇಔಟ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ನಿವೇಶನಕ್ಕೆ ‘ಪ್ಲಾಟು’ ಎಂದೂ, ಕೃಷಿಯೇತರ ಉದ್ದೇಶಕ್ಕೆ ಪರಿವರ್ತನೆಯಾದ ಜಮೀನಿನಲ್ಲಿರುವ ನಿವೇಶನಕ್ಕೆ ‘ಎನ್.ಎ. ಪ್ಲಾಟು’ ಎಂದೂ ಹೇಳುವುದು ರೂಢಿ. ತೆರೆದ ಚರಂಡಿಗೆ ‘ಗಟಾರ’ ಎಂಬ ಪದ ಬಳಕೆಯಲ್ಲಿದೆ.

ಚರಂಡಿ ಮತ್ತು ಒಳಚರಂಡಿ ಒಂದೇ ಅಲ್ಲ. ರಸ್ತೆಯ ಬದಿಯ ಚರಂಡಿ ಮಳೆನೀರನ್ನು ಸಾಗಿಸಲು ಇರುವಂಥದ್ದು. ಒಳಚರಂಡಿಯು ಶೌಚಾಲಯ, ಸ್ನಾನಗೃಹ ಮತ್ತು ಅಡುಗೆಮನೆಗಳಿಂದ ಬರುವ ಕೊಳಚೆ ನೀರನ್ನು ನೆಲದಡಿಯ ಮುಚ್ಚಿದ ಕೊಳವೆಗಳ ಮೂಲಕ ಶುದ್ಧೀಕರಣ ಘಟಕಕ್ಕೆ ಒಯ್ಯುತ್ತದೆ. ಒಳಚರಂಡಿ ಇಲ್ಲದ ಬಡಾವಣೆಯಲ್ಲಿ ಎರಡೂ ಬಗೆಯ ನೀರು ಒಂದೇ ಗಟಾರಕ್ಕೆ ಸೇರುತ್ತದೆ.

ಹಿನ್ನೆಲೆ

ಯೋಜಿತ ಬಡಾವಣೆಯ ಕಲ್ಪನೆ ಕರ್ನಾಟಕದಲ್ಲಿ ಸಾರ್ವಜನಿಕ ಆರೋಗ್ಯದ ಕಾಳಜಿಯಿಂದ ಬಲಗೊಂಡಿತು. 1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗ್ ಹರಡಿದಾಗ ಹಳೆಯ ಪೇಟೆಯ ಜನದಟ್ಟಣೆ ಮತ್ತು ಅನೈರ್ಮಲ್ಯ ಆಡಳಿತದ ಗಮನ ಸೆಳೆದವು. ಅದರ ಪರಿಣಾಮವಾಗಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಅಗಲವಾದ ನೇರ ರಸ್ತೆಗಳೊಂದಿಗೆ ರೂಪುಗೊಂಡವು. ಮನೆಗಳ ಹಿಂಭಾಗದಲ್ಲಿ ಕಕ್ಕಸು ಶುಚಿಗೊಳಿಸುವ ಕೆಲಸಗಾರರಿಗಾಗಿಯೇ ಕಿರಿದಾದ ಓಣಿಗಳನ್ನು ಬಿಡಲಾಗಿತ್ತು. ಅಂದರೆ ಮಲಿನ ವಸ್ತು ಎಲ್ಲಿಂದ ಹೊರಹೋಗಬೇಕು ಎಂಬುದು ಮನೆ ಕಟ್ಟುವುದಕ್ಕೆ ಮೊದಲೇ ನಿರ್ಧಾರವಾಗುತ್ತಿತ್ತು.

ಹಾವೇರಿ ಜಿಲ್ಲೆಯು 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ ಮತ್ತು ಸವಣೂರು ಪುರಸಭೆಗಳ ಆಡಳಿತದಲ್ಲಿದ್ದು, ಹಿರೇಕೆರೂರು ಪಟ್ಟಣ ಪಂಚಾಯಿತಿಯನ್ನು ಹೊಂದಿದೆ. ನಾಲ್ಕೂ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳು. ಹಾನಗಲ್ಲ ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ತಾರಕೇಶ್ವರ ದೇವಾಲಯ ಮತ್ತು ಆನಿಕೆರೆ ಅಲ್ಲಿನ ಹಳೆಯ ನಗರರಚನೆಯ ಕುರುಹುಗಳು. ಸವಣೂರು 1948ರವರೆಗೆ ನವಾಬರ ಸಂಸ್ಥಾನದ ರಾಜಧಾನಿಯಾಗಿತ್ತು. ಶಿಗ್ಗಾವಿ ಹುಬ್ಬಳ್ಳಿ–ಹಾವೇರಿ ನಡುವಿನ ರಾಷ್ಟ್ರೀಯ ಹೆದ್ದಾರಿ 48ರ ಮಾರ್ಗದಲ್ಲಿದೆ. ಹಿರೇಕೆರೂರು ಕೆರೆಯ ದಂಡೆಯ ಮೇಲಿನ ಊರು.

ಕೋಟೆ, ಪೇಟೆ ಹಾಗೂ ಕೆರೆಯ ಸುತ್ತ ಬೆಳೆದ ಇಂತಹ ಊರುಗಳಲ್ಲಿ ಮಳೆನೀರು ಹಳೆಯ ಹಳ್ಳಗಳ ಮೂಲಕ ಕೆರೆಗೆ ಹರಿಯುತ್ತಿತ್ತು. ಹೊಸ ಬಡಾವಣೆಗಳು ಊರ ಹೊರಗಿನ ಹೊಲಗಳಲ್ಲಿ ಏಳುತ್ತವೆ. ಹೊಲದಲ್ಲಿ ಬದು ಮತ್ತು ಹಳ್ಳ ನಿರ್ವಹಿಸುತ್ತಿದ್ದ ನೀರಿನ ಹರಿವನ್ನು ಬಡಾವಣೆಯ ಚರಂಡಿ ನಿರ್ವಹಿಸಬೇಕಾಗುತ್ತದೆ. ಅದು ನಿರ್ಮಾಣವಾಗದಿದ್ದರೆ ನೀರು ರಸ್ತೆಯನ್ನೇ ಕಾಲುವೆಯಾಗಿಸಿಕೊಳ್ಳುತ್ತದೆ.

ಬಡಾವಣೆ ರೂಪುಗೊಳ್ಳುವ ಕ್ರಮ

ಕರ್ನಾಟಕದಲ್ಲಿ ಖಾಸಗಿ ಬಡಾವಣೆಯೊಂದು ಕಾನೂನುಬದ್ಧವಾಗಿ ರೂಪುಗೊಳ್ಳಲು ಹಲವು ಹಂತಗಳಿವೆ:

• ಭೂ ಪರಿವರ್ತನೆ: ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನ ಅಡಿಯಲ್ಲಿ ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು.

• ವಿನ್ಯಾಸ ಅನುಮೋದನೆ: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಕಲಮಿನ ಪ್ರಕಾರ ಜಮೀನನ್ನು ನಿವೇಶನಗಳಾಗಿ ವಿಭಾಗಿಸಲು ಯೋಜನಾ ಪ್ರಾಧಿಕಾರದ ಮಂಜೂರಾತಿ ಅಗತ್ಯ. ನಕ್ಷೆಯಲ್ಲಿ ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗಗಳನ್ನು ಗುರುತಿಸಿರಬೇಕು. ಒಳರಸ್ತೆಗಳ ಕನಿಷ್ಠ ಅಗಲ ಸಾಮಾನ್ಯವಾಗಿ 9 ಮೀಟರ್.

• ಹಕ್ಕು ಬಿಟ್ಟುಕೊಡುವಿಕೆ: ರಸ್ತೆ, ಉದ್ಯಾನ ಮುಂತಾದ ಸಾರ್ವಜನಿಕ ಜಾಗಗಳನ್ನು ಭೂಮಾಲೀಕರು ನೋಂದಾಯಿತ ಪತ್ರದ ಮೂಲಕ ಉಚಿತವಾಗಿ ಬಿಟ್ಟುಕೊಡಬೇಕು.

• ಅಭಿವೃದ್ಧಿ ಕಾಮಗಾರಿ: ರಸ್ತೆ, ಚರಂಡಿ, ಒಳಚರಂಡಿ, ನೀರು ಪೂರೈಕೆ ಮತ್ತು ವಿದ್ಯುತ್ ಕಾಮಗಾರಿಗಳನ್ನು ಬಡಾವಣೆ ನಿರ್ಮಿಸುವವರು ತಮ್ಮ ವೆಚ್ಚದಲ್ಲಿ ಪೂರ್ಣಗೊಳಿಸಬೇಕು.

• ನಿವೇಶನ ಬಿಡುಗಡೆ: ಕಾಮಗಾರಿಯ ಪ್ರಗತಿಗೆ ಅನುಗುಣವಾಗಿ ನಿವೇಶನಗಳನ್ನು ಹಂತ ಹಂತವಾಗಿ ಮಾರಾಟಕ್ಕೆ ಬಿಡುಗಡೆ ಮಾಡಲಾಗುತ್ತದೆ. ಶೇ. 40, ಶೇ. 30 ಮತ್ತು ಶೇ. 30ರ ಮೂರು ಹಂತಗಳ ಕ್ರಮ ರಾಜ್ಯದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದುದಾಗಿದೆ.

• ಹಸ್ತಾಂತರ: ಕಾಮಗಾರಿಗಳು ಮುಗಿದ ಮೇಲೆ ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ವಹಿಸಲಾಗುತ್ತದೆ. ಅನಂತರ ನಿರ್ವಹಣೆಯ ಹೊಣೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯದ್ದು.

ಸಮಸ್ಯೆಯ ಮೂಲ ಬಹುತೇಕ ಕೊನೆಯ ಎರಡು ಹಂತಗಳ ನಡುವೆ ಇರುತ್ತದೆ. ನಿವೇಶನಗಳೆಲ್ಲ ಮಾರಾಟವಾದ ಬಳಿಕ ಉಳಿದ ಕೆಲಸ ಮುಗಿಸಲು ನಿರ್ಮಾಪಕರಿಗೆ ಆರ್ಥಿಕ ಪ್ರೇರಣೆ ಇರುವುದಿಲ್ಲ. ಹಸ್ತಾಂತರವಾಗದ ಬಡಾವಣೆಗೆ ಸಾರ್ವಜನಿಕ ಹಣ ವ್ಯಯಿಸಲು ಸ್ಥಳೀಯ ಸಂಸ್ಥೆ ಹಿಂಜರಿಯುತ್ತದೆ. ಹೀಗಾಗಿ ನಿವಾಸಿಗಳು ಯಾರನ್ನು ಕೇಳಬೇಕು ಎಂಬ ಪ್ರಶ್ನೆಯೇ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿಯಬಹುದು.

ತಾಂತ್ರಿಕ ಅಂಶಗಳು

ಕೆಲಸದ ಅನುಕ್ರಮ

ನೆಲದಡಿಯ ಕಾಮಗಾರಿಗಳಲ್ಲಿ ಅತ್ಯಂತ ಆಳದಲ್ಲಿರುವುದು ಒಳಚರಂಡಿ ಕೊಳವೆ. ಆದ್ದರಿಂದ ಅದನ್ನು ಮೊದಲು ಹಾಕಬೇಕು. ಅನಂತರ ನೀರಿನ ಕೊಳವೆ, ಚರಂಡಿ ಮತ್ತು ವಿದ್ಯುತ್ ಕಂಬಗಳು, ಕೊನೆಗೆ ರಸ್ತೆಯ ಮೇಲ್ಪದರ. ಈ ಕ್ರಮ ತಪ್ಪಿದಲ್ಲಿ ಹೊಸ ರಸ್ತೆಯನ್ನು ಅಗೆದು ಕೊಳವೆ ಹಾಕಬೇಕಾಗುತ್ತದೆ. ಅಗೆದ ಕಂದಕವನ್ನು ಪದರ ಪದರವಾಗಿ ಮಣ್ಣು ತುಂಬಿ, ನೀರು ಹಾಕಿ, ದಮ್ಮಸು ಮಾಡದಿದ್ದರೆ ಮೊದಲ ಮಳೆಗೇ ಅದು ಕುಸಿಯುತ್ತದೆ. ಮಾರಾಟದ ವೇಳೆಗೆ ಬಡಾವಣೆ ಆಕರ್ಷಕವಾಗಿ ಕಾಣಲೆಂದು ಒಳಚರಂಡಿಗೆ ಮುಂಚೆಯೇ ತೆಳುವಾದ ಡಾಂಬರು ಹಾಕುವುದು ಈ ಕಾರಣದಿಂದ ದೋಷಪೂರಿತ ಕ್ರಮವಾಗಿದೆ.

ರಸ್ತೆ

ಬಾಳಿಕೆ ಬರುವ ರಸ್ತೆಗೆ ಹಲವು ಪದರಗಳಿರುತ್ತವೆ: ಗಟ್ಟಿಗೊಳಿಸಿದ ಮೂಲ ನೆಲ, ಅದರ ಮೇಲೆ ಗರಸು ಅಥವಾ ಜಲ್ಲಿಯ ತಳಪದರ, ಬಳಿಕ ಜಲ್ಲಿಯ ಮುಖ್ಯ ಪದರ, ಕೊನೆಗೆ ಡಾಂಬರು ಅಥವಾ ಕಾಂಕ್ರೀಟು. ಅಪೂರ್ಣ ಬಡಾವಣೆಗಳಲ್ಲಿ ಕೆಲಸ ಸಾಮಾನ್ಯವಾಗಿ ಗರಸು ಹಾಸುವ ಹಂತದಲ್ಲಿ ನಿಲ್ಲುತ್ತದೆ. ಹಾವೇರಿ ಜಿಲ್ಲೆಯಲ್ಲಿ ಎರೆಮಣ್ಣು ಮತ್ತು ಕೆಂಪು ಮಣ್ಣು ಎರಡೂ ಕಂಡುಬರುತ್ತವೆ. ಎರೆಮಣ್ಣು ನೀರು ಹೀರಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಇಂತಹ ನೆಲದ ಮೇಲೆ ಸರಿಯಾದ ತಳಪದರವಿಲ್ಲದೆ ಹಾಕಿದ ರಸ್ತೆ ಬೇಗ ಅಲೆಯಾಗುತ್ತದೆ. ಗರಸಿನ ಪದರವೂ ಇಲ್ಲದಿದ್ದರೆ ಮಳೆಗಾಲದಲ್ಲಿ ವಾಹನ ಸಂಚಾರವೇ ಕಷ್ಟವಾಗುತ್ತದೆ. ರಸ್ತೆಯ ಮಧ್ಯಭಾಗ ಎತ್ತರವಾಗಿದ್ದು ಎರಡೂ ಬದಿಗೆ ಇಳಿಜಾರು ಇರುವುದು ನೀರು ಚರಂಡಿಗೆ ಇಳಿಯಲು ಅವಶ್ಯಕ.

ಒಳಚರಂಡಿ

ಒಳಚರಂಡಿಯಲ್ಲಿ ನೀರು ಬಹುಮಟ್ಟಿಗೆ ಇಳಿಜಾರಿನ ಬಲದಿಂದಲೇ ಹರಿಯುತ್ತದೆ. ಕೇಂದ್ರ ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಎಂಜಿನಿಯರಿಂಗ್ ಸಂಸ್ಥೆಯ 2013ರ ಕೈಪಿಡಿಯು ಒಳಚರಂಡಿ ಇರುವ ಪಟ್ಟಣಗಳಿಗೆ ದಿನಕ್ಕೆ ತಲಾ 135 ಲೀಟರ್ ನೀರಿನ ಪೂರೈಕೆಯನ್ನು ಆಧಾರವಾಗಿರಿಸಿಕೊಳ್ಳುತ್ತದೆ. ಅದರಲ್ಲಿ ಸುಮಾರು ಶೇ. 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಲೆಕ್ಕ ಹಾಕಲಾಗುತ್ತದೆ. ಈ ಲೆಕ್ಕದಂತೆ ತಲಾ ಐವರು ವಾಸಿಸುವ 100 ಮನೆಗಳ ಬಡಾವಣೆಯಿಂದ ದಿನಕ್ಕೆ 54,000 ಲೀಟರ್ ಕೊಳಚೆ ನೀರು ಹೊರಬರುತ್ತದೆ. ಬಡಾವಣೆಗೆ ಹೊರಹರಿವಿನ ದಾರಿ ಇಲ್ಲದಿದ್ದರೆ ಇಷ್ಟು ನೀರು ಪ್ರತಿದಿನವೂ ಅಲ್ಲಿಯೇ ಇಂಗಬೇಕು ಅಥವಾ ನಿಲ್ಲಬೇಕು.

ಸಾರ್ವಜನಿಕ ಒಳಚರಂಡಿಯ ಕೊಳವೆಯ ಕನಿಷ್ಠ ವ್ಯಾಸ 150 ಮಿಲಿಮೀಟರ್. ಮಲಿನ ವಸ್ತು ತಳದಲ್ಲಿ ನಿಲ್ಲದೆ ಕೊಚ್ಚಿಕೊಂಡು ಹೋಗಲು ನೀರಿನ ವೇಗ ಸೆಕೆಂಡಿಗೆ ಕನಿಷ್ಠ 0.6 ಮೀಟರ್ ಇರಬೇಕು. ಅದಕ್ಕೆ ತಕ್ಕ ಇಳಿಜಾರು ಬೇಕು. ಉದಾಹರಣೆಗೆ, ಪ್ರತಿ 200 ಮೀಟರಿಗೆ 1 ಮೀಟರ್ ಇಳಿಯುವ ಕೊಳವೆ 500 ಮೀಟರ್ ದೂರ ಸಾಗುವಷ್ಟರಲ್ಲಿ ಎರಡೂವರೆ ಮೀಟರ್ ಕೆಳಗೆ ಹೋಗಿರುತ್ತದೆ. ಆರಂಭದಲ್ಲಿ 1 ಮೀಟರ್ ಆಳದಲ್ಲಿದ್ದರೆ, ಸಮತಟ್ಟಾದ ನೆಲದಲ್ಲಿ ಕೊನೆಯ ತುದಿ ಮೂರೂವರೆ ಮೀಟರ್ ಆಳದಲ್ಲಿರುತ್ತದೆ. ಪಟ್ಟಣದ ಮುಖ್ಯ ಕೊಳವೆ ಅದಕ್ಕಿಂತ ಮೇಲಿದ್ದರೆ ಪಂಪ್ ಅಳವಡಿಸದೆ ಜೋಡಣೆ ಸಾಧ್ಯವಿಲ್ಲ. ಬಡಾವಣೆಯೊಳಗೆ ಕೊಳವೆ ಹಾಗೂ ಆಳುಗುಂಡಿಗಳನ್ನು ನಿರ್ಮಿಸಿದ್ದರೂ ಅವು ಬಳಕೆಗೆ ಬಾರದೆ ಉಳಿಯಲು ಇಂತಹ ಮಟ್ಟದ ವ್ಯತ್ಯಾಸವೂ, ಮುಖ್ಯ ಕೊಳವೆಯೇ ಆ ಭಾಗಕ್ಕೆ ತಲುಪದಿರುವುದೂ ಕಾರಣವಾಗುತ್ತವೆ.

ಅಪೂರ್ಣವಾಗಿ ಉಳಿಯಲು ಕಾರಣಗಳು

ಆರ್ಥಿಕ ಕಾರಣಗಳಲ್ಲಿ ಮುಖ್ಯವಾದುದು ವೆಚ್ಚದ ಕಾಲವ್ಯತ್ಯಾಸ. ಜಮೀನಿನ ಬೆಲೆಯನ್ನು ಆರಂಭದಲ್ಲೇ ಕೊಡಬೇಕಾಗಿರುವುದರಿಂದ ಬಂದ ಮುಂಗಡ ಅದಕ್ಕೇ ಸಲ್ಲುತ್ತದೆ. ರಸ್ತೆ ಮತ್ತು ಒಳಚರಂಡಿ ಕೊನೆಗೆ ಉಳಿಯುತ್ತವೆ. ಒಂದು ಬಡಾವಣೆಯಲ್ಲಿ ಸಂಗ್ರಹವಾದ ಹಣವನ್ನು ಮತ್ತೊಂದು ಜಮೀನಿನ ಖರೀದಿಗೆ ತೊಡಗಿಸುವುದೂ ಉಂಟು.

ಆಡಳಿತಾತ್ಮಕ ಕಾರಣಗಳು ಹಲವು. ವಿನ್ಯಾಸಕ್ಕೆ ಮಂಜೂರಾತಿ ನೀಡುವವರು, ಖಾತೆ ಮಾಡಿಕೊಡುವವರು, ಒಳಚರಂಡಿ ನಿರ್ಮಿಸುವವರು ಮತ್ತು ಅದನ್ನು ನಿರ್ವಹಿಸುವವರು ಬೇರೆ ಬೇರೆ ಸಂಸ್ಥೆಗಳಾಗಿರುತ್ತಾರೆ. ಬೆಂಗಳೂರಿನ ಹೊರಗಿನ ಪಟ್ಟಣಗಳಲ್ಲಿ ದೊಡ್ಡ ನೀರು ಪೂರೈಕೆ ಹಾಗೂ ಒಳಚರಂಡಿ ಯೋಜನೆಗಳನ್ನು 1973ರ ಕಾಯ್ದೆಯಡಿ ರಚನೆಯಾದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕೈಗೊಳ್ಳುತ್ತದೆ. ಅದು ಕಾಮಗಾರಿಯ ನಕ್ಷೆ ರೂಪಿಸಿದ ಬಳಿಕ ಹುಟ್ಟಿದ ಬಡಾವಣೆಗಳು ಆ ಯೋಜನೆಯ ಹೊರಗೆ ಉಳಿಯುತ್ತವೆ.

ಗಡಿಯ ಸಮಸ್ಯೆಯೂ ಇದೆ. ಪಟ್ಟಣದ ಅಂಚಿನ ಬಡಾವಣೆಗಳು ಅನೇಕ ವೇಳೆ ನೆರೆಯ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿರುತ್ತವೆ. ಮುಂದೆ ಪಟ್ಟಣದ ಗಡಿ ವಿಸ್ತರಣೆಯಾದಾಗ ಅವು ಪುರಸಭೆಗೆ ಸೇರುತ್ತವೆ, ಆದರೆ ಅಪೂರ್ಣ ಕಾಮಗಾರಿಗಳ ಹೊರೆಯೊಂದಿಗೆ.

ಸರ್ಕಾರಿ ವಸತಿ ಯೋಜನೆಗಳೂ ಇದಕ್ಕೆ ಹೊರತಲ್ಲ. ಆಶ್ರಯ ಮುಂತಾದ ಯೋಜನೆಗಳಲ್ಲಿ ಮನೆ ನಿರ್ಮಾಣಕ್ಕೆ ಒಂದು ಅನುದಾನ, ರಸ್ತೆ–ಚರಂಡಿಗೆ ಮತ್ತೊಂದು ಅನುದಾನ ಇರುತ್ತದೆ. ಮೊದಲನೆಯದು ಬಂದು ಎರಡನೆಯದು ತಡವಾದರೆ ಮನೆಗಳಿದ್ದೂ ದಾರಿ ಇರುವುದಿಲ್ಲ. 2009ರ ನೆರೆಯ ಬಳಿಕ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ನಿರ್ಮಿಸಿದ ಹಲವು ನವಗ್ರಾಮಗಳಿಗೆ ಜನರು ಸ್ಥಳಾಂತರಗೊಳ್ಳದಿರಲು ಮೂಲಸೌಕರ್ಯದ ಕೊರತೆಯೂ ಒಂದು ಕಾರಣವಾಗಿತ್ತು.

ಪರಿಣಾಮಗಳು

ಆರೋಗ್ಯ ಮತ್ತು ಅಂತರ್ಜಲ

ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಮನೆಗಳು ಶೌಚಗುಂಡಿ ಅಥವಾ ಇಂಗುಗುಂಡಿಯನ್ನು ಅವಲಂಬಿಸುತ್ತವೆ. ಭಾರತೀಯ ಮಾನಕ ಐಎಸ್ 2470ರ ಪ್ರಕಾರ ಇಂಗುವ ವ್ಯವಸ್ಥೆಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕು. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಉದ್ದವೇ ಸುಮಾರು 12 ಮೀಟರ್. ಆದ್ದರಿಂದ ಪ್ರತಿ ಮನೆಯೂ ತನ್ನದೇ ಕೊಳವೆಬಾವಿ ಮತ್ತು ತನ್ನದೇ ಇಂಗುಗುಂಡಿಯನ್ನು ಹೊಂದಿದ ಬಡಾವಣೆಯಲ್ಲಿ ಈ ಅಂತರವನ್ನು ಪಾಲಿಸುವುದು ಅಸಾಧ್ಯ. ಕೊಳಚೆ ಅಂತರ್ಜಲಕ್ಕೆ ಸೇರಿದಾಗ ನೈಟ್ರೇಟ್ ಪ್ರಮಾಣ ಏರುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ ಎಂದು ಐಎಸ್ 10500 ನಿಗದಿಪಡಿಸಿದೆ. ಅತಿಯಾದ ನೈಟ್ರೇಟ್ ಶಿಶುಗಳ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ವಾಂತಿಭೇದಿ, ವಿಷಮಶೀತ ಜ್ವರ ಮತ್ತು ಕಾಮಾಲೆಯ ಕೆಲವು ಬಗೆಗಳು ಮಲಿನ ನೀರಿನಿಂದ ಹರಡುತ್ತವೆ. ಕಟ್ಟಿ ನಿಂತ ಕೊಳಚೆಯಲ್ಲಿ ಕ್ಯೂಲೆಕ್ಸ್ ಸೊಳ್ಳೆಗಳೂ, ನಲ್ಲಿ ನೀರಿಲ್ಲದೆ ಮನೆಗಳಲ್ಲಿ ಶೇಖರಿಸಿಟ್ಟ ಶುದ್ಧ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಗಳೂ ಬೆಳೆಯುತ್ತವೆ.

ಕೆರೆ ಮತ್ತು ನದಿಗಳು

ಬಡಾವಣೆಯ ಗಟಾರದ ನೀರು ಹತ್ತಿರದ ಹಳ್ಳ ಅಥವಾ ಕೆರೆಯನ್ನು ಸೇರುತ್ತದೆ. ಹಾನಗಲ್ಲ ಭಾಗದ ಧರ್ಮಾ ನದಿ ವರದೆಯನ್ನು ಸೇರುತ್ತದೆ. ವರದಾ ಹಾಗೂ ಹಿರೇಕೆರೂರು–ರಟ್ಟಿಹಳ್ಳಿ ಭಾಗದ ಕುಮುದ್ವತಿ ಎರಡೂ ತುಂಗಭದ್ರೆಯ ಉಪನದಿಗಳು. ಹೀಗೆ ಒಂದು ಪಟ್ಟಣದ ಕೊಳಚೆ ಕೆಳಹರಿವಿನ ಊರುಗಳ ನೀರಿನ ಮೂಲಕ್ಕೆ ಸೇರುವ ಸಾಧ್ಯತೆ ಇರುತ್ತದೆ.

ದೈನಂದಿನ ಜೀವನ

ರಸ್ತೆ ಪೂರ್ಣಗೊಳ್ಳದ ಬಡಾವಣೆಗೆ ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಶಾಲಾ ವಾಹನ ಮತ್ತು ಕಸ ಸಂಗ್ರಹಿಸುವ ಗಾಡಿಗಳು ಸುಲಭವಾಗಿ ಬರಲಾರವು. ರಸ್ತೆಯ ಅಂತಿಮ ಮಟ್ಟ ಗೊತ್ತಿಲ್ಲದೆ ಕಟ್ಟಿದ ಮನೆಗಳಿಗೆ ಮತ್ತೊಂದು ತೊಂದರೆಯಿದೆ: ಹಲವು ವರ್ಷಗಳ ಬಳಿಕ ರಸ್ತೆ ಎತ್ತರಗೊಂಡಾಗ ಮನೆಯ ಅಂಗಳ ಕೆಳಗಾಗಿ ಮಳೆನೀರು ಒಳನುಗ್ಗುತ್ತದೆ. ನಿವೇಶನಕ್ಕಾಗಿ ಉಳಿತಾಯವನ್ನೆಲ್ಲ ತೊಡಗಿಸಿದ ಕುಟುಂಬಗಳು ಸಾಲದ ಕಂತಿನ ಜೊತೆಗೆ ಶೌಚಗುಂಡಿ, ಕೊಳವೆಬಾವಿ ಮತ್ತು ಮನೆಯ ಮುಂದಿನ ಗರಸಿನ ಖರ್ಚನ್ನೂ ಹೊರಬೇಕಾಗುತ್ತದೆ.

ನೈರ್ಮಲ್ಯ ಕಾರ್ಮಿಕರು

ಶೌಚಗುಂಡಿಗಳನ್ನು ಆಗಾಗ ಖಾಲಿ ಮಾಡಬೇಕಾಗುತ್ತದೆ. ಯಂತ್ರಗಳಿಲ್ಲದ ಕಡೆ ಅಥವಾ ಯಂತ್ರದ ವಾಹನ ಒಳಬರಲಾಗದ ಕಡೆ ಈ ಕೆಲಸ ಮನುಷ್ಯರ ಮೇಲೆ ಬೀಳುತ್ತದೆ. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ಕ್ರಮ ಕೈಗೊಂಡರು. ಆದರೂ ಪದ್ಧತಿ ಸಂಪೂರ್ಣವಾಗಿ ಅಳಿಯಲಿಲ್ಲ. 2010ರ ಜುಲೈನಲ್ಲಿ ಸವಣೂರಿನಲ್ಲಿ ಮಲ ಹೊರುವ ಕೆಲಸದಲ್ಲಿ ತೊಡಗಿದ್ದ ಭಂಗಿ ಸಮುದಾಯದ ಸದಸ್ಯರು ತಮ್ಮ ವಾಸಸ್ಥಳದಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಈ ಘಟನೆ ರಾಜ್ಯದಾದ್ಯಂತ ಗಮನ ಸೆಳೆದು, ಸಣ್ಣ ಪಟ್ಟಣಗಳ ನೈರ್ಮಲ್ಯ ವ್ಯವಸ್ಥೆ ಯಾರ ದುಡಿಮೆಯ ಮೇಲೆ ನಿಂತಿದೆ ಎಂಬುದನ್ನು ಚರ್ಚೆಗೆ ತಂದಿತು.

ಮಲ ಹೊರುವ ವೃತ್ತಿಗೆ ನೇಮಕಾತಿ ನಿಷೇಧ ಹಾಗೂ ಪುನರ್ವಸತಿ ಕಾಯ್ದೆ, 2013ರ ಪ್ರಕಾರ ಆಳುಗುಂಡಿ ಅಥವಾ ಶೌಚಗುಂಡಿಯ ಅಪಾಯಕಾರಿ ಶುಚಿ ಕಾರ್ಯಕ್ಕೆ ಮನುಷ್ಯರನ್ನು ಬಳಸುವುದು ಅಪರಾಧ. ಖಾಸಗಿ ಮನೆಯ ಮಾಲೀಕರೂ ಈ ನಿಷೇಧಕ್ಕೆ ಒಳಪಡುತ್ತಾರೆ. ಒಳಚರಂಡಿಯಲ್ಲಿ ಮೃತಪಟ್ಟ ಕಾರ್ಮಿಕರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸುಪ್ರೀಂ ಕೋರ್ಟ್ 2014ರಲ್ಲಿ ಆದೇಶಿಸಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ರೂಪಾಯಿಗೆ ಏರಿಸಿತು.

ಕಾನೂನು ಚೌಕಟ್ಟು

ಸ್ಥಳೀಯ ಸಂಸ್ಥೆಗಳ ಹೊಣೆ

1992ರ 74ನೇ ಸಂವಿಧಾನ ತಿದ್ದುಪಡಿಯ ಮೂಲಕ ಸೇರಿಸಿದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ರಸ್ತೆ ಮತ್ತು ಸೇತುವೆ, ನೀರು ಪೂರೈಕೆ, ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ ಅವುಗಳಲ್ಲಿ ಸೇರಿವೆ. ಕರ್ನಾಟಕ ಪೌರಸಭೆಗಳ ಕಾಯ್ದೆ, 1964ರ 87ನೇ ಕಲಮು ಪೌರಸಭೆಗಳ ಕಡ್ಡಾಯ ಕರ್ತವ್ಯಗಳನ್ನು ನಿಗದಿಪಡಿಸುತ್ತದೆ.

ಈ ಕರ್ತವ್ಯದ ಸ್ವರೂಪವನ್ನು ಸ್ಪಷ್ಟಪಡಿಸಿದ ಪ್ರಮುಖ ತೀರ್ಪು 1980ರ ರತ್ಲಾಮ್ ಪುರಸಭೆ ವಿರುದ್ಧ ವರ್ದಿಚಂದ್ ಪ್ರಕರಣದ್ದು. ಮಧ್ಯಪ್ರದೇಶದ ರತ್ಲಾಮ್ ಪಟ್ಟಣದ ಒಂದು ಬಡಾವಣೆಯ ನಿವಾಸಿಗಳು ತೆರೆದ ಚರಂಡಿ, ದುರ್ನಾತ ಮತ್ತು ಶೌಚಾಲಯಗಳ ಅಭಾವದ ವಿರುದ್ಧ ಮ್ಯಾಜಿಸ್ಟ್ರೇಟರ ಮೊರೆಹೋಗಿದ್ದರು. ಹಣದ ಕೊರತೆ ಇದೆಯೆಂಬ ಪುರಸಭೆಯ ವಾದವನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಒಪ್ಪಲಿಲ್ಲ. ಮೂಲಭೂತ ನೈರ್ಮಲ್ಯವನ್ನು ಒದಗಿಸುವ ಶಾಸನಬದ್ಧ ಕರ್ತವ್ಯದಿಂದ ಆರ್ಥಿಕ ಅಸಾಮರ್ಥ್ಯದ ಕಾರಣ ನೀಡಿ ತಪ್ಪಿಸಿಕೊಳ್ಳಲಾಗದು ಎಂಬುದು ತೀರ್ಪಿನ ಸಾರ. ಆ ಪ್ರಕರಣಕ್ಕೆ ಆಧಾರವಾಗಿದ್ದ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಜಾರಿಯಲ್ಲಿದೆ. 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಸತಿಯ ಹಕ್ಕು ತಲೆಯ ಮೇಲಿನ ಸೂರಿಗಷ್ಟೇ ಸೀಮಿತವಲ್ಲ, ಶುದ್ಧ ಪರಿಸರ, ನೀರು, ನೈರ್ಮಲ್ಯ ಮತ್ತು ರಸ್ತೆಯಂತಹ ಸೌಲಭ್ಯಗಳನ್ನೂ ಒಳಗೊಳ್ಳುತ್ತದೆ ಎಂದು ಅಭಿಪ್ರಾಯಪಟ್ಟಿತು.

ರೇರಾ ಕಾಯ್ದೆ

ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016 ‘ರೇರಾ’ ಎಂದು ಪ್ರಸಿದ್ಧವಾಗಿದೆ. ಇದು ಕಟ್ಟಡಗಳಿಗೆ ಮಾತ್ರವಲ್ಲದೆ ನಿವೇಶನಗಳ ಬಡಾವಣೆಗಳಿಗೂ ಅನ್ವಯಿಸುತ್ತದೆ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಜಾರಿಗೆ ಬಂದವು. 500 ಚದರ ಮೀಟರ್ ಮೀರದ ಜಮೀನಿನ ಯೋಜನೆಗಳಿಗೆ ನೋಂದಣಿಯಿಂದ ವಿನಾಯಿತಿ ಇದೆ. ಕಾಯ್ದೆಯ ಮುಖ್ಯಾಂಶಗಳು ಹೀಗಿವೆ:

• ನೋಂದಣಿಗೆ ಮುನ್ನ ಜಾಹೀರಾತು ನೀಡುವಂತಿಲ್ಲ, ಮಾರಾಟ ಮಾಡುವಂತಿಲ್ಲ.

• ಗ್ರಾಹಕರಿಂದ ಪಡೆದ ಹಣದ ಶೇ. 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಕಾಮಗಾರಿಯ ಪ್ರಗತಿಗೆ ಅನುಗುಣವಾಗಿ, ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕರ ದೃಢೀಕರಣದೊಂದಿಗೆ ಮಾತ್ರ ತೆಗೆಯಬೇಕು.

• ನೀರು, ನೈರ್ಮಲ್ಯ ಮತ್ತು ವಿದ್ಯುತ್ ಸೇರಿದಂತೆ ಯಾವ ಕೆಲಸ ಯಾವಾಗ ಮುಗಿಯುತ್ತದೆ ಎಂಬ ವೇಳಾಪಟ್ಟಿಯನ್ನು ತಿಳಿಯುವ ಹಕ್ಕು 19ನೇ ಕಲಮಿನಡಿ ಖರೀದಿದಾರರಿಗಿದೆ.

• ವಿಳಂಬವಾದಲ್ಲಿ 18ನೇ ಕಲಮಿನಡಿ ಬಡ್ಡಿಸಹಿತ ಹಣ ವಾಪಸು ಪಡೆಯುವ ಅಥವಾ ವಿಳಂಬದ ಅವಧಿಗೆ ಬಡ್ಡಿ ಪಡೆಯುವ ಹಕ್ಕಿದೆ.

• ಪ್ರಾಧಿಕಾರ ಆದೇಶಿಸಿದ ಮೊತ್ತವನ್ನು ಪಾವತಿಸದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು.

ರಸ್ತೆ ಹಾಗೂ ಸೌಲಭ್ಯಗಳನ್ನು ಸ್ಥಳೀಯ ಸಂಸ್ಥೆಗೆ ಆಗಲೇ ಹಸ್ತಾಂತರಿಸಿದ್ದ ಬಡಾವಣೆಗಳನ್ನು ಕರ್ನಾಟಕದ ನಿಯಮಗಳು ನೋಂದಣಿಯಿಂದ ಹೊರಗಿಟ್ಟವು. ಆದ್ದರಿಂದ 2017ಕ್ಕಿಂತ ಹಿಂದಿನ ಬಡಾವಣೆಗಳ ವಿಷಯದಲ್ಲಿ ಹಸ್ತಾಂತರದ ದಾಖಲೆ ನಿರ್ಣಾಯಕವಾಗುತ್ತದೆ.

ಗ್ರಾಹಕ ಕಾನೂನು

ಬರಿಯ ಜಮೀನಿನ ಮಾರಾಟ ‘ಸೇವೆ’ಯಲ್ಲ. ಆದರೆ ಅನುಮೋದಿತ ವಿನ್ಯಾಸ, ರಸ್ತೆ, ಚರಂಡಿ ಮುಂತಾದ ಅಭಿವೃದ್ಧಿಯ ಭರವಸೆಯೊಂದಿಗೆ ನಿವೇಶನ ಮಾರುವುದು ಗ್ರಾಹಕ ಕಾಯ್ದೆಯ ಅರ್ಥದಲ್ಲಿ ಸೇವೆಯೆಂದು ಸುಪ್ರೀಂ ಕೋರ್ಟ್ 2012ರ ನರ್ನೆ ಕನ್‌ಸ್ಟ್ರಕ್ಷನ್ಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ವಸತಿ ಒದಗಿಸುವ ಸರ್ಕಾರಿ ಪ್ರಾಧಿಕಾರಗಳೂ ಗ್ರಾಹಕ ಕಾನೂನಿಗೆ ಒಳಪಡುತ್ತವೆ ಎಂಬುದು 1993ರ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಮಾನವಾಗಿತ್ತು.

ಅನಧಿಕೃತ ಬಡಾವಣೆಗಳು

ಭೂ ಪರಿವರ್ತನೆ ಅಥವಾ ವಿನ್ಯಾಸ ಮಂಜೂರಾತಿ ಇಲ್ಲದೆ ಮಾರಾಟವಾದ ನಿವೇಶನಗಳನ್ನು ಕಂದಾಯ ನಿವೇಶನಗಳೆಂದು ಕರೆಯುತ್ತಾರೆ. ಇಲ್ಲಿ ರಸ್ತೆ ಮಾರಾಟಗಾರರ ಹೆಸರಿನಲ್ಲೇ ಉಳಿದಿರುವ ಸಾಧ್ಯತೆ ಇದ್ದು, ಸಾರ್ವಜನಿಕ ಹಣದಿಂದ ಅಭಿವೃದ್ಧಿಪಡಿಸಲು ತೊಡಕಾಗುತ್ತದೆ. ಇಂತಹ ಬೆಳವಣಿಗೆಗಳನ್ನು ದಂಡ ವಿಧಿಸಿ ಸಕ್ರಮಗೊಳಿಸುವ ‘ಅಕ್ರಮ–ಸಕ್ರಮ’ ಯೋಜನೆಗೆ ರಾಜ್ಯ ಸರ್ಕಾರ 2014ರಲ್ಲಿ ನಿಯಮ ರೂಪಿಸಿತು. ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಅದಕ್ಕೆ ತಡೆ ನೀಡಿತು.

2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ನೀಡುವ ಅಭಿಯಾನವನ್ನು ಆರಂಭಿಸಿತು. ಬಿ-ಖಾತೆಯು ಆಸ್ತಿಯನ್ನು ತೆರಿಗೆಯ ವ್ಯಾಪ್ತಿಗೆ ತರುತ್ತದೆ. ಅದರಿಂದ ಬಡಾವಣೆಯ ವಿನ್ಯಾಸಕ್ಕೆ ಮಂಜೂರಾತಿ ದೊರೆತಂತಾಗುವುದಿಲ್ಲ.

ನಿವಾಸಿಗಳಿಗಿರುವ ಮಾರ್ಗಗಳು

ಮೊದಲ ಹೆಜ್ಜೆ ಬಡಾವಣೆಯ ಸ್ಥಿತಿಯನ್ನು ದಾಖಲೆಗಳ ಮೂಲಕ ತಿಳಿಯುವುದು. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಅನುಮೋದಿತ ನಕ್ಷೆ, ಮಂಜೂರಾತಿಯ ಷರತ್ತುಗಳು, ನಿವೇಶನ ಬಿಡುಗಡೆಯ ಆದೇಶಗಳು, ಹಕ್ಕು ಬಿಟ್ಟುಕೊಟ್ಟ ಪತ್ರ ಮತ್ತು ಹಸ್ತಾಂತರದ ಪತ್ರಗಳ ಪ್ರತಿಗಳನ್ನು ಪಡೆಯಬಹುದು. ಹಸ್ತಾಂತರವಾಗಿದ್ದರೆ ಬೇಡಿಕೆಯನ್ನು ಪುರಸಭೆಯ ಮುಂದೆ, ಆಗಿಲ್ಲದಿದ್ದರೆ ನಿರ್ಮಾಪಕರು ಮತ್ತು ಮಂಜೂರಾತಿ ನೀಡಿದ ಪ್ರಾಧಿಕಾರದ ಮುಂದೆ ಇಡಬೇಕಾಗುತ್ತದೆ. ಕಾಮಗಾರಿ ಮುಗಿಯುವ ಮುನ್ನ ಎಲ್ಲ ನಿವೇಶನಗಳೂ ಬಿಡುಗಡೆಯಾಗಿದ್ದರೆ ಆ ಸಂಗತಿಯೂ ಈ ದಾಖಲೆಗಳಿಂದ ತಿಳಿಯುತ್ತದೆ.

ರೇರಾ ಪ್ರಾಧಿಕಾರಕ್ಕೆ ಅಂತರ್ಜಾಲದ ಮೂಲಕ ದೂರು ನೀಡಬಹುದು. ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ, ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೊಳಚೆ ನಿಂತು ಸಾರ್ವಜನಿಕರಿಗೆ ಉಪದ್ರವವಾಗುತ್ತಿದ್ದರೆ ಉಪವಿಭಾಗಾಧಿಕಾರಿಯವರಿಗೆ ಉಪವಿಭಾಗೀಯ ದಂಡಾಧಿಕಾರಿಯ ನೆಲೆಯಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ಸವಣೂರು ಇಂತಹ ಒಂದು ಉಪವಿಭಾಗದ ಕೇಂದ್ರವಾಗಿದೆ. ನಿವಾಸಿಗಳ ಸಂಘವನ್ನು ನೋಂದಾಯಿಸಿಕೊಂಡು ಸಾಮೂಹಿಕವಾಗಿ ದೂರು ನೀಡುವುದರಿಂದ ವೆಚ್ಚವೂ ಹಂಚಿಹೋಗುತ್ತದೆ, ಸಾಕ್ಷ್ಯವೂ ಬಲಗೊಳ್ಳುತ್ತದೆ.

ನಿವೇಶನ ಕೊಳ್ಳುವವರು ಮುಂಗಡ ನೀಡುವ ಮೊದಲು ಭೂ ಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ, ರೇರಾ ನೋಂದಣಿ ಸಂಖ್ಯೆ, ಆ ನಿರ್ದಿಷ್ಟ ನಿವೇಶನ ಬಿಡುಗಡೆಯಾಗಿರುವ ಆದೇಶ, ಋಣಭಾರ ಪ್ರಮಾಣಪತ್ರ ಮತ್ತು ಇ-ಖಾತೆಯನ್ನು ಪರಿಶೀಲಿಸುವುದು ಸೂಕ್ತ. ಬಡಾವಣೆಯ ಕೊಳವೆ ಪಟ್ಟಣದ ಮುಖ್ಯ ಒಳಚರಂಡಿಗೆ ಎಲ್ಲಿ ಸೇರುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕು. ಮಳೆಗಾಲದಲ್ಲಿ ಸ್ಥಳವನ್ನು ನೋಡಿದರೆ ನೀರಿನ ಹರಿವು ಸ್ಪಷ್ಟವಾಗುತ್ತದೆ.

ಪರ್ಯಾಯ ವ್ಯವಸ್ಥೆಗಳು

ಸಂಪೂರ್ಣ ಒಳಚರಂಡಿ ಜಾಲ ಸಣ್ಣ ಪಟ್ಟಣಗಳಿಗೆ ದುಬಾರಿ. ಅದರ ಬದಲು ಅಥವಾ ಅದು ತಲುಪುವವರೆಗೆ, ಶೌಚಗುಂಡಿಗಳ ಹೂಳನ್ನು ಯಂತ್ರದ ವಾಹನಗಳಿಂದ ಸಂಗ್ರಹಿಸಿ ಪ್ರತ್ಯೇಕ ಘಟಕದಲ್ಲಿ ಸಂಸ್ಕರಿಸಬಹುದು. ಬೆಂಗಳೂರಿನ ಸಮೀಪದ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ಇದಕ್ಕೆ ದೇಶದಲ್ಲೇ ಮೊದಲ ಮಾದರಿಗಳಲ್ಲೊಂದು. ಅಲ್ಲಿ ಸಂಸ್ಕರಿಸಿದ ಹೂಳನ್ನು ಗೊಬ್ಬರವಾಗಿ ಬಳಸುವ ಪ್ರಯತ್ನಗಳೂ ನಡೆದಿವೆ. 2021ರ ಅಕ್ಟೋಬರ್ 1ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದ (ನಗರ) ಎರಡನೇ ಹಂತದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಬಳಸಿದ ನೀರಿನ ನಿರ್ವಹಣೆಯನ್ನು ಸೇರಿಸಲಾಗಿದೆ. ಹಾವೇರಿ ಜಿಲ್ಲೆಯ ಈ ನಾಲ್ಕು ಪಟ್ಟಣಗಳೂ ಅದೇ ವರ್ಗಕ್ಕೆ ಸೇರುತ್ತವೆ. ಇಂತಹ ವ್ಯವಸ್ಥೆ ಫಲಕಾರಿಯಾಗಲು ಶೌಚಗುಂಡಿಗಳು ಮಾನಕದಂತೆ ನಿರ್ಮಾಣವಾಗಿರಬೇಕು ಮತ್ತು ಹೂಳೆತ್ತುವ ವಾಹನ ಮನೆಯವರೆಗೆ ಬರುವಂತಹ ರಸ್ತೆ ಇರಬೇಕು. ಹೀಗಾಗಿ ರಸ್ತೆಯ ಪ್ರಶ್ನೆಯನ್ನು ನೈರ್ಮಲ್ಯದ ಪ್ರಶ್ನೆಯಿಂದ ಬೇರ್ಪಡಿಸಲಾಗದು.

ಇತರ ದೇಶಗಳಲ್ಲಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಡಾವಣೆಯ ನಿರ್ಮಾಪಕರು ರಸ್ತೆಗಳಿಗೆ 1980ರ ಹೆದ್ದಾರಿ ಕಾಯ್ದೆಯ 38ನೇ ಕಲಮಿನಡಿ, ಒಳಚರಂಡಿಗೆ 1991ರ ಜಲೋದ್ಯಮ ಕಾಯ್ದೆಯ 104ನೇ ಕಲಮಿನಡಿ ಒಪ್ಪಂದ ಮಾಡಿಕೊಳ್ಳಬಹುದು. ಕೆಲಸ ಮುಗಿಯದಿದ್ದರೆ ನಿರ್ಮಾಪಕರು ಇಟ್ಟ ಭದ್ರತಾ ಠೇವಣಿಯಿಂದ ಪೂರ್ಣಗೊಳಿಸಲು ಅವಕಾಶವಿರುತ್ತದೆ. ಆದರೆ ಇಂತಹ ಒಪ್ಪಂದ ಕಡ್ಡಾಯವಲ್ಲದ ಕಾರಣ ಯಾರೂ ವಹಿಸಿಕೊಳ್ಳದ ರಸ್ತೆಗಳು ಅಲ್ಲಿಯೂ ಇವೆ. ಐರ್ಲೆಂಡಿನಲ್ಲಿ 2008ರ ಆರ್ಥಿಕ ಕುಸಿತದ ಬಳಿಕ ನಿರ್ಮಾಪಕರು ಕೈಬಿಟ್ಟ ಬಡಾವಣೆಗಳು ‘ಭೂತ ಬಡಾವಣೆ’ಗಳೆಂದು ಕುಖ್ಯಾತವಾದವು. 2010ರ ಸರ್ಕಾರಿ ಸಮೀಕ್ಷೆಯಲ್ಲಿ ಇಂತಹ 2,846 ಬಡಾವಣೆಗಳನ್ನು ಗುರುತಿಸಲಾಯಿತು. ಅವುಗಳಲ್ಲಿ ಅನೇಕ ಕಡೆ ಜನರು ವಾಸಿಸುತ್ತಿದ್ದರೂ ರಸ್ತೆ, ಬೀದಿದೀಪ ಮತ್ತು ಒಳಚರಂಡಿ ಅಪೂರ್ಣವಾಗಿದ್ದವು. ಕಾಮಗಾರಿ ಮುಗಿಯುವ ಮುನ್ನವೇ ಮಾರಾಟದ ಹಣ ನಿರ್ಮಾಪಕರ ಕೈಸೇರಿ, ಅದಕ್ಕೆ ಸಾಕಷ್ಟು ಭದ್ರತೆ ಇಲ್ಲದಿರುವುದು ಭಾರತದ ಮತ್ತು ಈ ದೇಶಗಳ ಅನುಭವದಲ್ಲಿ ಸಮಾನವಾಗಿ ಕಂಡುಬರುವ ಅಂಶವಾಗಿದೆ.